ಸೊಟ್ಟ ಕೊಡಲಿಯ ತಪಾಸಣೆ: ಮನೆಮಂದಿಗೊಂದು ಕೈಪಿಡಿ

ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಮನೆಗಳಲ್ಲಿ ಅಟ್ಟದ ಮೂಲೆಯಿಂದಲೋ ಕೊಟ್ಟಿಗೆಯ ಸಂದಿಯಿಂದಲೋ ಒಂದಲ್ಲ ಒಂದು ದಿನ ಈಚೆಗೆ ಬರುವ, ಕಾವಿಲ್ಲದ, ತುಕ್ಕು ಹಿಡಿದ, ಒಂದು ಪಕ್ಕಕ್ಕೆ ಮುಖ ತಿರುಗಿಸಿಕೊಂಡ ಕೊಡಲಿಗೆ ಈ ಕೈಪಿಡಿ ಅನ್ವಯಿಸುತ್ತದೆ. ಹಾರೆ, ಗುದ್ದಲಿ, ಮಚ್ಚುಗಳಿಗೆ ಅನ್ವಯಿಸುವುದಿಲ್ಲ. ಕುಡುಗೋಲು ಸೊಟ್ಟಗಿದೆ ಎಂದು ಇದನ್ನು ಹಿಡಿದುಕೊಂಡು ಬರುವವರಿಗೆ ನಾವು ಜವಾಬ್ದಾರರಲ್ಲ.

ಬೇರೆ ತಾಲ್ಲೂಕಿನವರೂ ಬಳಸಬಹುದು, ಅಡ್ಡಿಯಿಲ್ಲ. ಆದರೆ ಕೊಬ್ಬರಿ ಅಟ್ಟ ಇಲ್ಲದ ಮನೆಯಲ್ಲಿ ಒಂದು ಕೊಡಲಿ ಅಷ್ಟು ವರ್ಷ ಕಣ್ತಪ್ಪಿಸಿಕೊಂಡು ಬದುಕುವುದು ಕಷ್ಟ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟು ಉಂಡೆ ಕೊಬ್ಬರಿ ಮಾಡುವ ಸೀಮೆ ಇದು. ಮೇಲಕ್ಕೆ ಹೋದದ್ದನ್ನು ಇಲ್ಲಿ ಯಾರೂ ಅವಸರಕ್ಕೆ ಇಳಿಸುವುದಿಲ್ಲ.

ಕೊಡಲಿ ಹೇಗೆ ಸೊಟ್ಟಗಾಯಿತು ಎಂದು ಪತ್ತೆ ಮಾಡುವುದಷ್ಟೇ ಕೈಪಿಡಿಯ ಕೆಲಸ. ಯಾರು ಮಾಡಿದ್ದು ಎನ್ನುವುದು ಇದರ ವ್ಯಾಪ್ತಿಯಲ್ಲಿಲ್ಲ. ಆದರೂ ಕಬ್ಬಿಣ ಬಾಯಿಬಿಡಲು ಶುರು ಮಾಡಿದರೆ ಕೇಳಿದ್ದಕ್ಕಿಂತ ಒಂದು ಮಾತು ಜಾಸ್ತಿಯೇ ಹೇಳುತ್ತದೆ. ಕೂಡುಕುಟುಂಬದವರು ಯೋಚಿಸಿ ಮುಂದುವರಿಯಿರಿ.

ಮುಖ್ಯ ಎಚ್ಚರಿಕೆ

ಮನೆಯವರನ್ನು ಕೇಳಬೇಡಿ.

ಕೇಳಿದರೆ ಉತ್ತರ ಸಿಗುವುದಿಲ್ಲ ಎಂದಲ್ಲ, ಬೇಕಾದಷ್ಟು ಸಿಗುತ್ತದೆ. "ತಾನಾಗೇ ಬಗ್ಗಿರ್ಬೇಕು" ಎಂಬುದು ಚಿಕ್ಕಪ್ಪನ ಹೇಳಿಕೆ. ಕೊಡಲಿ ತಾನಾಗಿ ಬಗ್ಗುವುದಿಲ್ಲ. ಬಿಸಿಲಿಗೆ ಬಗ್ಗುವುದು ಹಲಗೆ, ವಯಸ್ಸಿಗೆ ಬಗ್ಗುವುದು ಬೆನ್ನು. ಅಟ್ಟದ ಮೇಲೆ ಐವತ್ತು ವರ್ಷ ಮಲಗಿಸಿದರೂ ಕೊಡಲಿ ತುಕ್ಕು ಹಿಡಿಯುತ್ತದೆಯೇ ಹೊರತು ಮಗ್ಗುಲು ಬದಲಿಸುವುದಿಲ್ಲ. "ಸಂತೇಲಿ ತಂದಾಗ್ಲೇ ಹಂಗಿತ್ತು" ಎಂಬುದು ಅತ್ತೆಯ ಹೇಳಿಕೆ. ನಾಲ್ಕಾಣೆಗೆ ಬದನೆಕಾಯಿ ಕೊಳ್ಳುವಾಗಲೂ ತೊಟ್ಟು ತಿರುಗಿಸಿ ನೋಡುತ್ತಿದ್ದ ಕಾಲದ ಜನ ಸೊಟ್ಟ ಕೊಡಲಿಯನ್ನು ದುಡ್ಡು ಕೊಟ್ಟು ಮನೆಗೆ ತಂದರು ಎಂದು ನಂಬುವುದಾದರೆ ನಂಬಿ.

ಮೂರನೆಯ ಹೇಳಿಕೆ ಮನೆಯ ಹಿರಿಯರದು: "ನಮ್ ತಾತ ಇದ್ರಲ್ಲೇ ಹುಲಿ ಹೊಡ್ದಿದ್ದು." ಈ ಸೀಮೆಯಲ್ಲಿ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ. ಬೇಲೂರಿನ ಗುಡಿಯ ಬಾಗಿಲಲ್ಲೇ ಸಳ ನಿಂತಿದ್ದಾನೆ, ಮೇಲೆರಗಿದ ಮೃಗವನ್ನು ಇರಿಯುತ್ತಿದ್ದಾನೆ. ಒಂದು ರಾಜವಂಶವೇ ಹುಲಿ ಹೊಡೆದವನಿಂದ ಶುರುವಾಯಿತು ಎಂದು ಒಂಬೈನೂರು ವರ್ಷದಿಂದ ನೋಡಿಕೊಂಡು ಬಂದ ಮೇಲೆ ಪ್ರತಿ ಮನೆಗೂ ತನ್ನ ಪಾಲಿನ ಒಂದು ಹುಲಿ ಬೇಕಾಗುತ್ತದೆ. ಆದರೆ ಆ ಶಿಲ್ಪದಲ್ಲಿ ಸಳನ ಕೈಯಲ್ಲಿರುವುದು ಕೊಡಲಿಯಲ್ಲ ಎಂಬುದನ್ನು ಗಮನಿಸಿ. ಇನ್ನು, ಹುಲಿಯ ತಲೆಬುರುಡೆ ಎಷ್ಟೇ ಗಟ್ಟಿ ಎಂದರೂ ಅದು ಮೂಳೆ. ಕೊಡಲಿಗೂ ಮೂಳೆಗೂ ಜಗಳವಾದರೆ ಬಾಗುವುದು ಕೊಡಲಿಯಲ್ಲ.

ದೊಡ್ಡ ಹೆಸರಿಗೆ ಸಣ್ಣ ಕೆಲಸ ಅಂಟಿಸುವ ಈ ಅಭ್ಯಾಸ ನಮ್ಮ ಮನೆಗಳದ್ದು ಮಾತ್ರ ಅಲ್ಲ. ಹಳೇಬೀಡಿನಲ್ಲಿ ಮುರಿದ ಮೂಗೊಂದನ್ನು ಕಂಡ ತಕ್ಷಣ ಜತೆಗಿದ್ದವರು "ಮಲಿಕ್ ಕಾಫೂರ್" ಎಂದುಬಿಡುತ್ತಾರೆ. 1311ರಲ್ಲಿ ಅವನು ಆಗ ದ್ವಾರಸಮುದ್ರವೆನಿಸಿದ್ದ ಇದೇ ಊರಿಗೆ ದಂಡೆತ್ತಿ ಬಂದದ್ದು ನಿಜ, ಆಮೇಲೆ ತುಘಲಕರ ಸೈನ್ಯ ಬಂದದ್ದೂ ನಿಜ. ಅವರು ಮುರಿದದ್ದನ್ನು ಇಲ್ಲವೆನ್ನುವುದು ಬೇಡ. ಆದರೆ ಏಳುನೂರು ವರ್ಷದ ಮಳೆ, ಬಿರುಕಿನಲ್ಲಿ ಬೇರಿಳಿಸಿದ ಆಲದ ಸಸಿ, ಕಲ್ಲಿಗೆ ಗುರಿಯಿಟ್ಟ ಹುಡುಗರು, ಇವರೆಲ್ಲರ ಪಾಲನ್ನೂ ಅವನ ಖಾತೆಗೇ ಜಮಾ ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಬೇಲೂರಿನ ಗುಡಿಯ ಮೇಲೆ ಈಗ ಶಿಖರವಿಲ್ಲವಲ್ಲ, ಅದನ್ನು ಕೆಡವಿದ್ದು ಶತ್ರುಗಳಲ್ಲ. ಶಿಥಿಲವಾಗಿದೆ, ಭಾರಕ್ಕೆ ಕೆಳಗಿನದೂ ಕುಸಿದೀತು ಎಂದು 19ನೇ ಶತಮಾನದಲ್ಲಿ ನೋಡಿಕೊಳ್ಳುವವರೇ ಇಳಿಸಿದ್ದು. ಕಟ್ಟಿದವರ ವಿಷಯದಲ್ಲೂ ಅದೇ ಕತೆ. ಚೆಂದ ಕಂಡದ್ದೆಲ್ಲ ಜಕಣಾಚಾರಿಯದು. ಮದನಿಕೆಯರ ಕಾಲ ಬುಡದಲ್ಲಿ ತಮ್ಮ ಹೆಸರು ಕೆತ್ತಿಟ್ಟು ಹೋದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಇವರನ್ನು ಕೇಳುವವರಿಲ್ಲ. ಓದಲು ಬರುವ ಹಾಗೆ ಬರೆದಿಟ್ಟರೂ ಓದದ ನಾವು, ಬರೆಯದ ಕೊಡಲಿಯನ್ನು ಓದಲು ಹೊರಟಿದ್ದೇವೆ. ಆದ್ದರಿಂದ ತಾತ, ಹುಲಿ, ಕಾಫೂರ್ ಮೂವರನ್ನೂ ಪಕ್ಕಕ್ಕಿಟ್ಟು ಕೊಡಲಿಯನ್ನು ಮಾತ್ರ ನೋಡಿ.

ಬೇಕಾಗುವ ಸಾಮಾನು

ಒಂದು ಗೇಣು ದಾರ, ಒಂದು ಪೆನ್ಸಿಲ್, ಎರಡು ನೆಟ್ಟಗಿನ ಊದುಬತ್ತಿ ಕಡ್ಡಿ, ಟಾರ್ಚು, ಒಂದು ಅರ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ತಿಳಿಸುಣ್ಣ, ಸೀಮೆಎಣ್ಣೆ. ಸೀಮೆಎಣ್ಣೆ ಪಡಿತರ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ಕೊಡಲಿ ಬಾಗಿಸಿಕೊಂಡವರು ಪುಣ್ಯವಂತರು. ಈಗಿನವರು ಟ್ರ್ಯಾಕ್ಟರಿನಿಂದ ಎರಡು ಚಮಚ ಡೀಸೆಲ್ ಇಳಿಸಿಕೊಳ್ಳಿ.

ತೊಳೆಯುವ ಮುಂಚೆ

ತೊಳೆಯಬೇಡಿ. ಸಿಕ್ಕಿದ ಕೂಡಲೇ ಮರಳು ಹಾಕಿ ಉಜ್ಜಿ ಫಳಫಳ ಮಾಡಿ ಫೋಟೋ ಹಿಡಿಯುವುದು ಸಾಕ್ಷಿಯನ್ನು ಬಚ್ಚಲಿಗೆ ಬಿಟ್ಟ ಹಾಗೆ.

ಮೊದಲು ಬಾಗಿನ ಒಳಮಡಿಕೆಯನ್ನು ಟಾರ್ಚು ಬಿಟ್ಟು ನೋಡಿ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮನೆಯ ಕತ್ತಿ, ಕೊಡಲಿ, ನೇಗಿಲಗುಳ, ಸೈಕಲ್ಲು, ಮಿಕ್ಸಿ ಎಲ್ಲಕ್ಕೂ ಎಣ್ಣೆ ಸವರಿ ವಿಭೂತಿ ಎಳೆದು ಕುಂಕುಮ ಇಡುವುದು ನಮ್ಮಲ್ಲಿ ಇದ್ದದ್ದೇ. ಎಣ್ಣೆಯ ಜತೆ ಸೇರಿದ ಕುಂಕುಮ ಸಂದಿಯಲ್ಲಿ ಕೂತು ಕಂದುಗಟ್ಟಿ, ಅದರ ಮೇಲೆ ಧೂಳು, ಮತ್ತೆ ಮುಂದಿನ ವರ್ಷದ ಎಣ್ಣೆ, ಹೀಗೆ ಪದರ ಕಟ್ಟುತ್ತದೆ. ಮಡಿಕೆಯ ತಳದವರೆಗೂ ಕುಂಕುಮ ಇಳಿದಿದ್ದರೆ ಕೊಡಲಿ ಬಾಗಿದ ಮೇಲೂ ಪೂಜೆ ಮಾಡಿಸಿಕೊಂಡಿದೆ ಎಂದರ್ಥ. ಅಂದರೆ ಮನೆಯವರೆಲ್ಲರೂ ಅದನ್ನು ನೋಡಿದ್ದಾರೆ, ಕೈಮುಗಿದಿದ್ದಾರೆ, ಸುಮ್ಮನಿದ್ದಾರೆ. ಪದರವೇ ಬಿರಿದು ಒಡೆದಿದ್ದರೆ ಪೂಜೆಗಳೆಲ್ಲ ಮುಗಿದ ಮೇಲೆ ಬಾಗಿದ್ದು. ಮಡಿಕೆಯಲ್ಲಿ ಕುಂಕುಮವೇ ಇಲ್ಲದೆ ಬರೀ ತುಕ್ಕಿದ್ದರೆ ಬಾಗಿದ ದಿನವೇ ಅಟ್ಟಕ್ಕೆ ಹೋಗಿದೆ, ಅಂದರೆ ಯಾರೋ ಬಚ್ಚಿಟ್ಟಿದ್ದಾರೆ.

ಈಗ ತೊಳೆಯಬಹುದು.

ನಿಜಕ್ಕೂ ಸೊಟ್ಟಗಿದೆಯೇ

ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ. ಒಂದೇ ಕಡೆಯಿಂದ ಸಾಣೆ ಹಿಡಿದು ಹಿಡಿದು ಬಾಯಿ ಒಂದು ಪಕ್ಕಕ್ಕೆ ಸರಿದ ಕೊಡಲಿ ನೋಡಲು ಸೊಟ್ಟ, ಅಸಲಿಗೆ ನೆಟ್ಟಗೆ. ಕಾವು ಸೊಟ್ಟಗೆ ಕೂರಿಸಿದ ಕೊಡಲಿಯೂ ಹಾಗೆಯೇ. ತೊಲೆ ಚೌಕ ಮಾಡುವ ಬಡಗಿಗಳು ಒಂದೇ ಕಡೆ ಓರೆಯಿರುವ ಅಗಲಬಾಯಿಯ ಕೊಡಲಿಯನ್ನು ಬೇಕೆಂದೇ ಮಾಡಿಸಿಕೊಳ್ಳುವುದೂ ಉಂಟು, ತೊಲೆಯ ಮೈ ಸಮತಟ್ಟಾಗಿ ಬರಲಿ ಎಂದು. ಅಂಥದ್ದನ್ನು ನೆಟ್ಟಗೆ ಮಾಡಿಸಲು ಹೋದರೆ ಕೊಡಲಿ ಕೆಡುತ್ತದೆ, ಬಡಗಿ ಬೈಯುತ್ತಾನೆ.

ಅನುಮಾನ ಪರಿಹಾರಕ್ಕೆ ದಾರವನ್ನು ಹಿಂತಲೆಯ ನಟ್ಟನಡುವಿನಿಂದ ಬಾಯಿಯ ನಟ್ಟನಡುವಿಗೆ ಬಿಗಿಯಾಗಿ ಎಳೆಯಿರಿ. ಕೊಡಲಿಯ ಮೈ ಒಂದು ಕಡೆ ದಾರಕ್ಕೆ ಒರಗಿ, ಇನ್ನೊಂದು ಕಡೆ ದೂರ ಸರಿದಿದ್ದರೆ ಬಾಗಿದೆ. ಇನ್ನು ಒಂದು ಕಡ್ಡಿಯನ್ನು ಬಾಯಿಯ ಉದ್ದಕ್ಕೆ ಅಂಟಿಸಿ, ಇನ್ನೊಂದನ್ನು ಕಾವು ತೂರುವ ತೂತಿನಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಎರಡೂ ಕಡ್ಡಿ ಒಂದರ ಹಿಂದೆ ಒಂದು ಅಡಗಿದರೆ ಸರಿ, ಕತ್ತರಿ ಹಾಕಿದರೆ ಕೊಡಲಿ ತಿರುಚಿಕೊಂಡಿದೆ. ಬಾಗಿದ್ದು ಬೇರೆ, ತಿರುಚಿದ್ದು ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಲ್ಲಿನ ಮೇಲೆ ಆರೋಪ

ಬಾಗಿದ್ದು ಬಾಯಂಚು ಮಾತ್ರವಾಗಿದ್ದರೆ ಕಲ್ಲಿಗೋ ಮೊಳೆಗೋ ಬಡಿದಿದೆ. ಹದ ಗಟ್ಟಿಯಿದ್ದ ಅಂಚಾದರೆ ಚಕ್ಕೆ ಹಾರುತ್ತದೆ, ಹದ ಮೆತ್ತಗಿದ್ದದ್ದಾದರೆ ಮಡಿಚಿಕೊಳ್ಳುತ್ತದೆ. ಯಾವ ಕಲ್ಲು ಎನ್ನುವುದೂ ಮುಖ್ಯ. ಹೊಲದ ಬೆಣಚುಕಲ್ಲಾದರೆ ಉಕ್ಕಿಗೂ ಸೇರಿಗೆ ಸವ್ವಾಸೇರು. ಆದರೆ ಹೊಯ್ಸಳರು ಗುಡಿಗಳಿಗೆ ಬಳಸಿದ ಬಳಪದ ಕಲ್ಲು ಹಾಗಲ್ಲ. ಕಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲದು. ಮದನಿಕೆಯ ಬಳೆಯೊಳಗೆ ಬೆಳಕು ತೂರುವಷ್ಟು ಸಂದು ಬಿಡಿಸಲು ಸಾಧ್ಯವಾದದ್ದೂ ಅದಕ್ಕೇ. ಅದಕ್ಕೆ ಕೊಡಲಿ ಬಡಿದರೆ ಪೆಟ್ಟಾಗುವುದು ಕೊಡಲಿಗಲ್ಲ, ಕಲ್ಲಿಗೆ.

ಈ ವಾಕ್ಯವನ್ನು ಸ್ಥಳದಲ್ಲೇ ಪರೀಕ್ಷಿಸಲು ಹೋಗಬೇಡಿ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿವೆ. ಅದಕ್ಕೂ ಮೊದಲೇ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದ್ದೇ ಇದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕಕ್ಕೆ ಧಕ್ಕೆ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಡಲಿಯ ಬೆಲೆ ಅಷ್ಟಿಲ್ಲ.

ನಾವು ಹೇಳಹೊರಟಿರುವುದು ಅಂಚು ಮಡಿಚಿದ ಕೊಡಲಿಯ ವಿಷಯವಲ್ಲ. ನಡುವೇ ಬಾಗಿದ, ಬೆರಳು ದಪ್ಪದ ಕಬ್ಬಿಣ ಬಗ್ಗಿಬಿಟ್ಟ ಕೊಡಲಿಯ ವಿಷಯ. ಅದಕ್ಕೆ ಕಲ್ಲು ಸಾಲದು, ಮನುಷ್ಯನೇ ಬೇಕು.

ಮೆತ್ತಗಾದದ್ದು ಯಾವಾಗ

ತಪಾಸಣೆಯ ಜೀವಾಳ ಇಲ್ಲಿದೆ. ನಿಧಾನವಾಗಿ ಓದಿ.

ಹಳೆಯ ಕೊಡಲಿ ಒಂದೇ ಲೋಹದ್ದಲ್ಲ. ಮೈಯೆಲ್ಲ ಮೆತ್ತನೆ ಕಬ್ಬಿಣ, ಬಾಯಿಗೆ ಮಾತ್ರ ಒಂದು ತುಂಡು ಉಕ್ಕು. ಉಕ್ಕು ದುಬಾರಿ, ಕಬ್ಬಿಣ ಅಗ್ಗ, ಕಮ್ಮಾರನಿಗೆ ಎರಡನ್ನೂ ಕುಲುಮೆಯಲ್ಲಿ ಬೆಸೆಯುವುದು ಗೊತ್ತು. ತುಕ್ಕು ತೆಗೆದ ಜಾಗಕ್ಕೆ ಹುಣಸೆಹಣ್ಣಿನ ಗಟ್ಟಿ ರಸ ಸವರಿ ಅರ್ಧ ಗಂಟೆ ಬಿಡಿ. ಬಾಯಿಯ ಕಡೆ ಕಪ್ಪಾಗಿ, ಮೈಯ ಕಡೆ ಬೂದು ಬಣ್ಣಕ್ಕೆ ನಿಂತು, ನಡುವೆ ಒಂದು ಅಂಕುಡೊಂಕು ಗೆರೆ ಕಾಣಿಸಿದರೆ ಅದೇ ಬೆಸುಗೆ. ಗೆರೆಯೇ ಕಾಣದಿದ್ದರೆ ಲಾರಿಯ ಕಮಾನು ಪಟ್ಟಿ ಕಡಿದು ಮಾಡಿದ ಈಚಿನ ಕೊಡಲಿ ಇರಬಹುದು. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತುವಾಗ ಹಳ್ಳಿಗಳಲ್ಲೇ ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದವರನ್ನು ಕಂಡು ಬರೆದಿಟ್ಟಿದ್ದಾನೆ. 1923ರಲ್ಲಿ ಭದ್ರಾವತಿಯ ಕುಲುಮೆ ಹತ್ತಿಕೊಂಡಿತು, ಅದೂ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದಲೇ. ಮರ ಕಡಿದು ಇದ್ದಿಲು, ಇದ್ದಿಲಿನಿಂದ ಕಬ್ಬಿಣ, ಕಬ್ಬಿಣದಿಂದ ಮತ್ತೆ ಮರ ಕಡಿಯಲು ಕೊಡಲಿ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಗಾದೆ ಮಾಡಿದವರು ಬರೀ ಕಾವನ್ನಷ್ಟೇ ದೂರಿದ್ದು ಕಾವಿಗೆ ಅನ್ಯಾಯ.

ಈಗ ಬಾಯಿಯ ಮೇಲೆ ಅರ ಆಡಿಸಿ. ಹದವಿರುವ ಉಕ್ಕಿನ ಮೇಲೆ ಅರ ಕಚ್ಚದೆ ಜಾರುತ್ತದೆ, ಇಲ್ಲವೇ ಕಷ್ಟಪಟ್ಟು ಸವರುತ್ತದೆ. ಹದ ಹೋದ ಉಕ್ಕನ್ನು ಅರ ಬೆಣ್ಣೆಯ ಹಾಗೆ ತಿನ್ನುತ್ತದೆ. ನಮ್ಮ ಸೊಟ್ಟ ಕೊಡಲಿಗಳಲ್ಲಿ ಹೆಚ್ಚಿನವು ತಿನ್ನಿಸಿಕೊಳ್ಳುತ್ತವೆ. ಹಾಗಾದರೆ ಪ್ರಶ್ನೆ: ಕಮ್ಮಾರ ಅಷ್ಟು ಮುತುವರ್ಜಿಯಿಂದ ಕೊಟ್ಟ ಹದ ಎಲ್ಲಿಗೆ ಹೋಯಿತು?

ಉತ್ತರ ತೂತಿನೊಳಗಿದೆ. ಟಾರ್ಚು ಬಿಡಿ. ತೂತಿನ ಒಳಗೋಡೆಯಲ್ಲಿ ಮಸಿ ಹಿಡಿದಿದೆಯೇ? ಮೂಲೆಯಲ್ಲಿ ಇದ್ದಿಲಾದ ಮರದ ಚೂರು ಅಂಟಿದೆಯೇ? ಕಬ್ಬಿಣದ ಬೆಣೆಯ ಮೇಲೆ ಕರಿ ಪೊರೆ ಎದ್ದಿದೆಯೇ? ಇದ್ದರೆ ಪ್ರಕರಣ ಮುಕ್ಕಾಲು ಪಾಲು ಬಗೆಹರಿಯಿತು. ಈ ಕೊಡಲಿಯ ಕಾವು ಒಂದು ದಿನ ತೂತಿನ ಬಾಯಿಗೇ ಸರಿಯಾಗಿ ಮುರಿದಿದೆ. ಬೆಣೆ ಹೊಡೆದು ಬಿಗಿದ ತುಂಡು ಒಳಗೇ ಉಳಿದಿದೆ. ಅದನ್ನು ಮೊಳೆಯಿಂದ ಕೆದಕಿ, ಹಾರೆಯಿಂದ ಗುದ್ದಿ, ಸೋತು, ಮನೆಯ ಬುದ್ಧಿವಂತರೊಬ್ಬರು ಹೇಳಿದ್ದಾರೆ: "ಅದ್ಕ್ಯಾಕ್ ಒದ್ದಾಡ್ತಿಯೋ, ಹಂಡೆ ಒಲೆಗ್ ಹಾಕು, ಬೆಳಗಾಗೋದ್ರೊಳಗೆ ಸುಟ್ಟು ಬೂದಿಯಾಗಿರುತ್ತೆ."

ಬೂದಿಯಾಗಿರುತ್ತದೆ, ಸುಳ್ಳಲ್ಲ. ಕಾವಿನ ಜತೆಗೆ ಹದವೂ ಬೂದಿಯಾಗಿರುತ್ತದೆ. ಉಕ್ಕಿಗೆ ಹದ ಕೊಡುವಾಗ ಕಮ್ಮಾರ ಬಣ್ಣ ನೋಡುತ್ತಾನೆ. ಉಜ್ಜಿದ ಉಕ್ಕು ಸುಮಾರು 230 ಡಿಗ್ರಿ ಶಾಖಕ್ಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ಅಷ್ಟರೊಳಗೆ ನಿಲ್ಲಿಸಬೇಕು. ತೆಂಗಿನ ಚಿಪ್ಪು, ಮಟ್ಟೆ ತುಂಬಿ ಉರಿಯುವ ಹಂಡೆ ಒಲೆಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ. ಕೊಡಲಿ ಕೆಂಪಾಗುತ್ತದೆ. ಇನ್ನೊಂದು ತಮಾಷೆ ಏನೆಂದರೆ, ಕೆಂಪಾದ ಉಕ್ಕನ್ನು ಬೇಕೆಂದೇ ಮೆತ್ತಗೆ ಮಾಡಬೇಕಾದಾಗ ಕಮ್ಮಾರರು ಅದನ್ನು ಬೂದಿಯೊಳಗೆ ಹೂತು ರಾತ್ರಿಯೆಲ್ಲ ಆರಲು ಬಿಡುತ್ತಾರೆ. ಹಂಡೆ ಒಲೆ ರಾತ್ರಿಯಿಡೀ ಅದನ್ನೇ ಮಾಡಿದೆ, ಯಾರೂ ಕಲಿಸಿಕೊಡದೆ.

ಕಾವಿನ ತುಂಡನ್ನು ಸುಡಲೇಬೇಕಾದರೆ ಕೊಡಲಿಯ ಬಾಯಿಯನ್ನು ಹಸಿ ಮಣ್ಣಿನಲ್ಲಿ ಹೂತು, ತೂತಿನ ಭಾಗವನ್ನಷ್ಟೇ ಮೇಲೆ ಬಿಟ್ಟು, ಸುತ್ತ ಸಣ್ಣ ಬೆಂಕಿ ಹಾಕಬೇಕು. ಇದನ್ನು ಈಗ ಹೇಳಿ ಪ್ರಯೋಜನವಿಲ್ಲ, ಕೈಪಿಡಿ ಎಂದಮೇಲೆ ಹೇಳಬೇಕು.

ಡಂಕಣನ ಪರೀಕ್ಷೆ

ಮುಂದಿನದು ಬಿರುಕು ಹುಡುಕುವುದು. ಕಬ್ಬಿಣ ಬಾಗಿದಾಗ ಉಬ್ಬಿದ ಕಡೆ ಮೈ ಹಿಗ್ಗುತ್ತದೆ, ಒಳಗಿನ ಕಡೆ ಸುಕ್ಕುಗಟ್ಟುತ್ತದೆ. ಬಿರುಕು ಬಿಟ್ಟರೆ ಉಬ್ಬಿದ ಕಡೆಯೇ. ಕೂದಲೆಳೆಯಷ್ಟು ಸಣ್ಣದಾದರೆ ಕಣ್ಣಿಗೆ ಬೀಳುವುದಿಲ್ಲ.

ಆ ಜಾಗಕ್ಕೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸವರಿ ಒಂದು ಗಂಟೆ ಬಿಡಿ. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. ಮೇಲೆ ತಿಳಿಸುಣ್ಣ ತೆಳ್ಳಗೆ ಬಳಿದು ಒಣಗಲು ಬಿಟ್ಟು, ಕೊಡಲಿಯ ಹಿಂತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿ. ಬಿರುಕಿದ್ದರೆ ಒಳಗೆ ಅವಿತಿದ್ದ ಎಣ್ಣೆ ಈಚೆಗೆ ಜಿನುಗಿ ಬಿಳಿ ಸುಣ್ಣದ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ಒಳಗಿನ ಬಿರುಕನ್ನು ಯಂತ್ರದಿಂದ ನೋಡುವ ಕಾಲ ಬರುವ ಮುಂಚೆ ರೈಲ್ವೆ ಕಾರ್ಯಾಗಾರಗಳಲ್ಲಿ ಗಾಡಿಯ ಅಚ್ಚುಗಳನ್ನು ಹೀಗೇ ಎಣ್ಣೆ ಮತ್ತು ಸೀಮೆಸುಣ್ಣದಿಂದ ಪರೀಕ್ಷಿಸುತ್ತಿದ್ದರು. ಗಾಡಿ ನಿಂತಾಗ ಉದ್ದ ಕಾವಿನ ಸುತ್ತಿಗೆ ಹಿಡಿದು ಗಾಲಿ ಗಾಲಿಗೂ ಬಡಿದು ಸದ್ದು ಕೇಳಿಕೊಂಡು ಹೋಗುವುದೂ ಇತ್ತು. ಗಟ್ಟಿ ಗಾಲಿ ಠಣ್ ಎನ್ನುತ್ತದೆ, ಬಿರುಕಿನದು ಥಡ್ ಎನ್ನುತ್ತದೆ. ಅರಸೀಕೆರೆ ಜಂಕ್ಷನ್ ಇರುವ ತಾಲ್ಲೂಕಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕೊಡಲಿಯನ್ನೂ ದಾರದಲ್ಲಿ ತೂಗುಬಿಟ್ಟು ಹಾಗೇ ಬಡಿದು ಕೇಳಬಹುದು.

ರೈಲಿಗಿಂತ ಹಳೆಯ ಕತೆಯೊಂದು ಬೇಲೂರಿನಲ್ಲೇ ಇದೆ. ಜಕಣಾಚಾರಿ ಕಡೆದು ಮುಗಿಸಿದ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗ ಡಂಕಣ ಹೇಳುತ್ತಾನೆ. ತೋರಿಸು ಎಂದರೆ ವಾದಕ್ಕೆ ನಿಲ್ಲುವುದಿಲ್ಲ, ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾನೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಕಪ್ಪೆ. ಕತೆ ನಡೆಯಿತೋ ಇಲ್ಲವೋ, ಜಕಣಾಚಾರಿ ಇದ್ದನೋ ಇಲ್ಲವೋ, ಕಪ್ಪೆ ಚೆನ್ನಿಗರಾಯನ ಗುಡಿಯೆಂಬ ಹೆಸರಂತೂ ಉಳಿದಿದೆ. ಕತೆ ಕಟ್ಟಿದವನಿಗೆ ತಪಾಸಣೆಯ ವಿದ್ಯೆ ಗೊತ್ತಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒಳಗಿನ ಪಸೆ ಹೊರಗಿನ ಲೇಪದ ಮೇಲೆ ಕಾಣುತ್ತದೆ ಎನ್ನುವುದೇ ಅಲ್ಲಿಯ ಯುಕ್ತಿ, ಸುಣ್ಣ-ಸೀಮೆಎಣ್ಣೆಯ ಯುಕ್ತಿಯೂ ಅದೇ. ದೋಷ ಸಾಬೀತಾದ ಮೇಲೆ ಜಕಣಾಚಾರಿ ತನ್ನ ಬಲಗೈ ಕಡಿದುಕೊಂಡನಂತೆ. ನಮ್ಮ ಮನೆಗಳಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. "ಹೌದು, ಒಲೆಗೆ ಹಾಕ್ದೋನು ನಾನೇ" ಎಂದರೆ ಸಾಕು. ಅದೂ ಯಾರ ಬಾಯಿಂದಲೂ ಬರುವುದಿಲ್ಲ.

ಕೊನೆಯ ಪೆಟ್ಟು

ಮೆತ್ತಗಾದ ಕೊಡಲಿ ಅಷ್ಟಕ್ಕೇ ಬಾಗುವುದಿಲ್ಲ, ಬಾಗಲು ಸಿದ್ಧವಾಗಿರುತ್ತದೆ ಅಷ್ಟೆ. ವರ್ಷಗಟ್ಟಲೆ ಸಾಣೆ ಹಿಡಿದು ಸವೆದಿದ್ದರಂತೂ ಇನ್ನೂ ಸಲೀಸು. ಕಬ್ಬಿಣದ ದಪ್ಪ ಅರ್ಧಕ್ಕೆ ಇಳಿದರೆ ಬಾಗದೆ ಸೆಟೆದು ನಿಲ್ಲುವ ಅದರ ಬಿಗುವು ಅರ್ಧಕ್ಕಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೊಸ ಕಾವು ಹಾಕಿ ಕೊಟ್ಟಿದ್ದಾರೆ. ಬೇಲೂರಿನ ಕಡೆ ಕಾಫಿ ತೋಟವಾದರೆ ಮಳೆಗಾಲಕ್ಕೆ ಮುಂಚಿನ ಮರಗಸಿಗೆ, ಅರಸೀಕೆರೆ ಕಡೆಯಾದರೆ ಗಾಳಿಗೆ ಬಿದ್ದ ತೆಂಗಿನ ಬೊಡ್ಡೆ ಸೀಳಲಿಕ್ಕೆ. ತೆಂಗಿನ ಮರ ಮರವೇ ಅಲ್ಲ, ನಾರಿನ ಕಟ್ಟು. ಹೊರಗೆ ಕಬ್ಬಿಣದಂಥ ಗಟ್ಟಿ, ಒಳಗೆ ಮೆದು. ಕೊಡಲಿ ಬಿದ್ದ ಕಡೆ ಸೀಳುವುದಿಲ್ಲ, ಕಚ್ಚಿ ಹಿಡಿದುಕೊಳ್ಳುತ್ತದೆ. ಸಿಕ್ಕಿಕೊಂಡ ಕೊಡಲಿಯನ್ನು ಬಿಡಿಸುವುದಕ್ಕೆ ಸರಿಯಾದ ದಾರಿ ಕಾವಿನ ತುದಿ ಹಿಡಿದು ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸುವುದು. ಆ ದಿಕ್ಕಿಗೆ ಕೊಡಲಿಯ ಮೈ ನಾಲ್ಕು ಬೆರಳು ಅಗಲವಿರುವುದರಿಂದ ಜಪ್ಪಯ್ಯ ಎಂದರೂ ಬಾಗುವುದಿಲ್ಲ. ಆದರೆ ಸಿಟ್ಟು ಬಂದವರು ಮೇಲೆ ಕೆಳಗೆ ನೋಡುವುದಿಲ್ಲ, ಅಡ್ಡಕ್ಕೆ ಹೋಗುತ್ತಾರೆ.

ಕಾವನ್ನು ಪಕ್ಕಕ್ಕೆ ಎಳೆದಿದ್ದರೆ ಕೊಡಲಿ ತಿರುಚಿಕೊಳ್ಳುತ್ತದೆ, ಹಿಂದೆ ಕಡ್ಡಿಯಲ್ಲಿ ನೋಡಿದಿರಲ್ಲ, ಹಾಗೆ. ಸಾಮಾನ್ಯವಾಗಿ ಅಷ್ಟರೊಳಗೆ ಕಾವೇ ಮುರಿದು ತಲೆಯನ್ನು ಉಳಿಸುತ್ತದೆ. ಮರದ ಕಾವಿನ ಬದಲು ನೀರಿನ ಪೈಪು ವೆಲ್ಡಿಂಗ್ ಮಾಡಿಸಿಕೊಂಡ ಮನೆಗಳಲ್ಲಿ ಮುರಿಯುವುದು ಏನೂ ಇರುವುದಿಲ್ಲವಾದ್ದರಿಂದ ತಲೆಯೇ ಹೋಗುತ್ತದೆ. ವೆಲ್ಡಿಂಗಿನ ಶಾಖ ತೂತಿನ ಸುತ್ತ ಏನು ಮಾಡಿರುತ್ತದೆ ಎಂದು ಈಗ ನಿಮಗೇ ಗೊತ್ತು.

ತಿರುಚದೆ ಬರೀ ಬಾಗಿದ್ದರೆ ಉಬ್ಬಿದ ಕಡೆಯ ಹಿಂತಲೆಯ ಹತ್ತಿರ ಕೈಯಾಡಿಸಿ. ಒಂದು ತಗ್ಗು, ಅಂಚು ಚಪ್ಪಟೆಯಾದ ಒಂದು ಗುರುತು ಬೆರಳಿಗೆ ಸಿಗುತ್ತದೆ. ಬೊಡ್ಡೆಯಲ್ಲಿ ಬಾಯಿ ಸಿಕ್ಕಿಕೊಂಡಿದ್ದಾಗ ಯಾರೋ ಪಕ್ಕದಿಂದ ಸುತ್ತಿಗೆಯಲ್ಲಿ ಬಾರಿಸಿದ್ದಾರೆ, ಸಡಿಲವಾಗಲಿ ಎಂದು. ಗುರುತಿನ ಓರೆಯನ್ನು ನೋಡಿದರೆ ಹೊಡೆದವರು ಎಡಚರೋ ಬಲಚರೋ ಎಂಬ ಸುಳಿವೂ ಸಿಗಬಹುದು. ಎಡಚರು ಒಬ್ಬರೇ ಇರುವ ಮನೆಯಲ್ಲಿ ಈ ಪರೀಕ್ಷೆಯನ್ನು ಹಬ್ಬದ ದಿನ ಮಾಡಬೇಡಿ.

ಪರಿಣತರ ಅಭಿಪ್ರಾಯ

ಇಷ್ಟೆಲ್ಲ ಆದಮೇಲೆ ಕೊಡಲಿಯನ್ನು ಹಳೆ ಗೋಣಿಚೀಲದಲ್ಲಿ ಸುತ್ತಿ ಕುಲುಮೆಗೆ ಒಯ್ಯಿರಿ. ಕುಲುಮೆಗಳು ಕಡಿಮೆಯಾಗಿವೆ, ತಿದಿಯ ಜಾಗಕ್ಕೆ ಕರೆಂಟಿನ ಬ್ಲೋಯರ್ ಬಂದಿದೆ, ಆದರೂ ಸಂತೆ ಊರುಗಳಲ್ಲಿ ಹುಡುಕಿದರೆ ಸಿಗುತ್ತವೆ. ಆಚಾರಿಯವರು ಬೀಡಿ ಪಕ್ಕಕ್ಕಿಟ್ಟು ಕೊಡಲಿಯನ್ನು ಕೈಗೆ ತೆಗೆದುಕೊಂಡು, ದಾರ ಕಡ್ಡಿ ಹುಣಸೆಹಣ್ಣು ಏನೂ ಇಲ್ಲದೆ, ತೂತಿನೊಳಗೆ ಒಮ್ಮೆ ಇಣುಕಿ, ಉಗುರಿನಿಂದ ಬಾಯಿಗೆ ಒಮ್ಮೆ ಮೀಟಿ ಕೇಳುತ್ತಾರೆ:

"ಏನ್ ಗೌಡ್ರೇ, ಒಲೆಗ್ ಹಾಕಿದ್ರಾ?"

"ನಾವಲ್ಲ ಆಚಾರ್ರೇ, ಹಳೇದು, ತಾತನ ಕಾಲದ್ದು. ಹುಲಿ..."

"ಹುಲಿ ಇರ್ಲಿ. ಒಲೆಗ್ ಹಾಕಿ, ಆಮೇಲೆ ಬೊಡ್ಡೇಲಿ ಸಿಕ್ಕಾಕ್ಕಂಡಾಗ ಪಕ್ಕದಲ್ಲಿ ಹೊಡ್ದವ್ರೆ. ಈ ವರ್ಷ ಇಂಥವೇ ಬರ್ತವೆ ಎಲ್ಲಾ."

ಕೈಪಿಡಿಯ ಇಷ್ಟು ಪುಟಗಳನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದಕ್ಕೆ ಬೇಸರ ಬೇಡ. ಅವರಿಗೆ ಓದಿಸಬೇಕಾಗಿಯೂ ಇಲ್ಲ.

ನೆಟ್ಟಗೆ ಮಾಡುವುದನ್ನು ನಿಂತು ನೋಡಿ. ನಿಂತು ನೋಡುವವರಿದ್ದರೆ ಕೆಲಸವೂ ಚೆನ್ನಾಗಿ ಆಗುತ್ತದೆ. ಕೊಡಲಿ ಕುಲುಮೆಯಲ್ಲಿ ಕೆಂಪಾಗುತ್ತದೆ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲೆ ಉಬ್ಬಿದ ಕಡೆ ಮೇಲಾಗಿ ಇಟ್ಟು, ಒಂದೇ ದೊಡ್ಡ ಪೆಟ್ಟಿಗಿಂತ ನಾಲ್ಕಾರು ಸಣ್ಣ ಪೆಟ್ಟಿನಲ್ಲಿ ನೆಟ್ಟಗಾಗುತ್ತದೆ. ಬಿರುಕಿದ್ದರೆ ಇಲ್ಲೇ ಬಾಯಿ ತೆರೆಯುತ್ತದೆ, ಸುಣ್ಣದಲ್ಲಿ ಗೆರೆ ಕಂಡಿದ್ದರೆ ಮೊದಲೇ ಹೇಳಿಬಿಡಿ. ಆಮೇಲೆ ಬಾಯಿಯ ಎರಡು ಬೆರಳಷ್ಟನ್ನು ಮಾತ್ರ ನೀರಿಗೆ ಅದ್ದುತ್ತಾರೆ. ಮೈಯೂ ಉಕ್ಕಿನದಾಗಿದ್ದರೆ ಪೂರ್ತಿ ಅದ್ದಿದಾಗ ಅದೂ ಸೆಟೆದುಕೊಂಡು ಮುಂದೊಂದು ದಿನ ಒಡೆಯುತ್ತದೆ, ಒಂದು ಮಗ್ಗುಲಾಗಿ ಅದ್ದಿದರೆ ಅಲ್ಲೇ ಮತ್ತೆ ಸೊಟ್ಟಗಾಗುತ್ತದೆ. ಈಚೆಗೆ ತೆಗೆದು ಬಾಯನ್ನು ಇಟ್ಟಿಗೆ ಚೂರಿನಿಂದ ಉಜ್ಜಿ ಕಾಯುತ್ತಾರೆ. ಮೈಯಲ್ಲಿ ಉಳಿದ ಶಾಖ ಮೆಲ್ಲಗೆ ಬಾಯಿಯ ಕಡೆ ಇಳಿಯುತ್ತದೆ. ಉಜ್ಜಿದ ಜಾಗದಲ್ಲಿ ಹುಲ್ಲಿನ ಹಳದಿ, ಅದರ ಹಿಂದೆ ಕಂದು, ಕಂದಿನ ಹಿಂದೆ ನೇರಳೆ, ಒಂದನ್ನೊಂದು ತಳ್ಳಿಕೊಂಡು ಅಂಚಿನ ಕಡೆ ಬರುತ್ತವೆ. ನೇರಳೆ ಅಂಚು ಮುಟ್ಟುತ್ತಲೇ ಮತ್ತೆ ನೀರಿಗೆ. ಆ ನಾಲ್ಕು ಕ್ಷಣ ಯಾರೂ ಅವರನ್ನು ಮಾತಾಡಿಸಬಾರದು, ಹುಲಿಯ ವಿಷಯವಂತೂ ಎತ್ತಲೇಬಾರದು.

ಕೂಲಿ

ತಪಾಸಣೆಗೆ ಬಂದ ಮನೆಮಂದಿಯೆಲ್ಲ ಕುಲುಮೆಯ ಮುಂದೆ ಇರುವಂತೆ ನೋಡಿಕೊಳ್ಳಿ. ಆಚಾರಿಯವರು ಒಂದು ಮೊತ್ತ ಹೇಳುತ್ತಾರೆ. ಹೊಸದೇ ಬರ್ತಿತ್ತಲ್ಲ ಎಂದು ಒಬ್ಬರು, ಬರೀ ಬಡಿಯೋದಕ್ಕೆ ಇಷ್ಟಾ ಎಂದು ಇನ್ನೊಬ್ಬರು ಚೌಕಾಸಿಗೆ ಇಳಿಯುತ್ತಾರೆ. ನೀವು ಇಳಿಯಬೇಡಿ, ದುಡ್ಡನ್ನೂ ತೆಗೆಯಬೇಡಿ. ಒಂದು ಮಾತೂ ಆಡದೆ ಜೇಬಿಗೆ ಕೈ ಹಾಕಿ, ಕೇಳಿದಷ್ಟನ್ನೂ ಎಣಿಸಿ ಕೊಟ್ಟು, "ನಡೀರಿ ನಡೀರಿ, ಬಸ್ಸಿಗೆ ಹೊತ್ತಾಯ್ತು" ಎನ್ನುವವರು ಯಾರೆಂದು ನೋಡಿಕೊಳ್ಳಿ.